ಈ ಜಾಡು ಯಾರದ್ದು? ಟ್ರಾಜೆಕ್ಟರಿ ಡೇಟಾಗೆ ಮೆಟಾಡೇಟಾ ಪದ್ಧತಿ ಆರಿಸುವ ಬಗೆ

ಒಂದು ಕಡಲಾಮೆಯ ಬೆನ್ನಿಗೆ ಟ್ರಾನ್ಸ್‌ಮಿಟರ್ ಅಂಟಿಸಿದ್ದಾರೆ ಅಂದುಕೊಳ್ಳಿ. ನಾಲ್ಕು ತಿಂಗಳು ಅದು ಉಪಗ್ರಹಕ್ಕೆ ಸಂಕೇತ ಕಳಿಸುತ್ತದೆ. ಆಮೇಲೆ ಕಳಚಿ ಬಿದ್ದು ದಡ ಸೇರುತ್ತದೆ. ಯಾರೋ ಎತ್ತಿ ತಂದು ಕೊಡುತ್ತಾರೆ. ಬ್ಯಾಟರಿ ಬದಲಿಸಿ ಅದನ್ನೇ ಬೇರೆ ಕಡಲಿನ ಇನ್ನೊಂದು ಆಮೆಗೆ ಅಂಟಿಸುತ್ತಾರೆ. ಫೈಲಿನಲ್ಲಿ ಐಡಿ ಕಾಲಂ ಒಂದೇ, ಅದರಲ್ಲಿರುವುದು ಟ್ರಾನ್ಸ್‌ಮಿಟರ್ ನಂಬರ್. ಎರಡು ವರ್ಷದ ನಂತರ ಆ ಫೈಲ್ ತೆರೆದು ನಕ್ಷೆ ಎಳೆದವರಿಗೆ ಒಂದೇ ಆಮೆ ಭೂಖಂಡವನ್ನು ಸೀಳಿಕೊಂಡು ಆಚೆ ಕಡಲಿಗೆ ಹೋದಂತೆ ನೇರ ಗೆರೆ ಕಾಣುತ್ತದೆ. ಜಿಪಿಎಸ್ ಸರಿಯಿದೆ. ಸಮಯವೂ ಸರಿಯಿದೆ. ತಪ್ಪಿರುವುದು ಹಣೆಪಟ್ಟಿ.

ಟ್ರಾಜೆಕ್ಟರಿ ಅಂದರೆ ಚಲಿಸುವ ವಸ್ತುವಿನ ಜಾಡು. ಅದು ತೇಲುವ ಬೋಯ್ ಇರಬಹುದು, ಬಲೂನ್, ಹಕ್ಕಿ, ಹಡಗು, ಚಂಡಮಾರುತ, ಕಂಪ್ಯೂಟರ್ ಒಳಗಿನ ಕಣ ಏನೇ ಇರಬಹುದು. ಇದಕ್ಕೆ ಮೆಟಾಡೇಟಾ, ಅಂದರೆ ಈ ಡೇಟಾ ಏನು ಎತ್ತ ಅನ್ನುವ ವಿವರ, ಬರೆಯುವ ಪದ್ಧತಿಗಳು ಹತ್ತಾರು ಇವೆ. ಯಾವುದು ಒಳ್ಳೆಯದು ಅಂತ ಕೇಳುವವರೇ ಜಾಸ್ತಿ. ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ನಿಮ್ಮ ಐಡಿ ಯಾವುದರ ಐಡಿ? ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಹೋಗಲು ಅರ್ಧ ದಿನದ ಸ್ಕ್ರಿಪ್ಟ್ ಸಾಕು. ಫೈಲಿನಲ್ಲಿ ಬರೆಯದೇ ಬಿಟ್ಟ ಗುರುತನ್ನು ಯಾವ ಸ್ಕ್ರಿಪ್ಟೂ ಹುಡುಕಿ ತರುವುದಿಲ್ಲ.

ಮೊದಲು ಇದನ್ನು ತೀರ್ಮಾನಿಸಿ

‘ಒಂದು ಜಾಡು’ ಅಂದಾಗ ಜನ ಮೂರು ಬೇರೆ ಬೇರೆ ಸಂಗತಿ ಹೇಳುತ್ತಿರುತ್ತಾರೆ. ಚಲಿಸಿದ ವಸ್ತು ಒಂದು: ಆ ಆಮೆ, ಆ ಬೋಯ್. ಒಂದು ಸಲದ ಅಳವಡಿಕೆ ಇನ್ನೊಂದು: ಈ ಉಪಕರಣ ಈ ಪ್ರಾಣಿಯ ಮೇಲೆ ಇಷ್ಟು ದಿನ ಇತ್ತು ಅನ್ನುವುದು. ಇದನ್ನೇ ಕೆಲಸ ಮಾಡುವವರು ಡಿಪ್ಲಾಯ್‌ಮೆಂಟ್ ಅನ್ನುತ್ತಾರೆ. ಮೂರನೆಯದು ತುಂಡು, ಅಂದರೆ ಸಂಕೇತ ಕಡಿಯದೆ ಸಿಕ್ಕ ಒಂದು ಓಟ. ಒಂದು ವಸ್ತುವಿಗೆ ಹಲವು ಡಿಪ್ಲಾಯ್‌ಮೆಂಟ್ ಇರಬಹುದು, ಒಂದು ಡಿಪ್ಲಾಯ್‌ಮೆಂಟಿನಲ್ಲಿ ಹಲವು ತುಂಡು ಇರಬಹುದು.

ಕೇಳಲು ಸುಲಭ ಅನ್ನಿಸುತ್ತದೆ. ಆದರೆ ಸಮುದ್ರದ ಡ್ರಿಫ್ಟರ್‌ಗಳನ್ನು ನೋಡಿ. ಗ್ಲೋಬಲ್ ಡ್ರಿಫ್ಟರ್ ಪ್ರೋಗ್ರಾಂನ ಬೋಯ್‌ಗಳಿಗೆ 15 ಮೀಟರ್ ಆಳದಲ್ಲಿ ಬಟ್ಟೆಯ ಉದ್ದ ಚೀಲದಂಥ ಡ್ರೋಗ್ ತೂಗುಬಿಟ್ಟಿರುತ್ತಾರೆ. ಅದು ಇರುವ ತನಕ ಬೋಯ್ ಆ ಆಳದ ಪ್ರವಾಹದ ಜೊತೆ ಹೋಗುತ್ತದೆ. ಡ್ರೋಗ್ ಕಿತ್ತುಹೋದ ಮೇಲೆ ಗಾಳಿ, ಅಲೆ ತಳ್ಳಿದ ಕಡೆಗೂ ಜಾರುತ್ತದೆ. ಬೋಯ್ ಅದೇ, ಚಲನೆಯ ಅರ್ಥ ಬೇರೆ. ಹಾಗಾದರೆ ಇಲ್ಲಿಂದ ಹೊಸ ಜಾಡು ಶುರು ಮಾಡಬೇಕಾ? ಬೇಡ ಅನ್ನುವುದು ನನ್ನ ಅಭಿಪ್ರಾಯ. ಆ ಯೋಜನೆಯ ಡೇಟಾದಲ್ಲೂ ಐಡಿ ಒಂದೇ ಉಳಿಯುತ್ತದೆ, ಡ್ರೋಗ್ ಕಳೆದ ದಿನಾಂಕ ಬೇರೊಂದು ವೇರಿಯಬಲ್‌ನಲ್ಲಿ (ಕಾಲಂ ಇದ್ದ ಹಾಗೆ) ಕೂರುತ್ತದೆ. ಕತ್ತರಿಸಬೇಕೋ ಬೇಡವೋ ಅನ್ನುವುದು ಓದುವವರಿಗೆ ಬಿಟ್ಟದ್ದು. ಸ್ಥಿತಿ ಬದಲಾಯಿತು ಅಂತ ಐಡಿ ಬದಲಿಸಬೇಡಿ. ವಸ್ತು ಅಥವಾ ಡಿಪ್ಲಾಯ್‌ಮೆಂಟ್ ಬದಲಾದರೆ ಬದಲಿಸಿ.

ಇನ್ನು ಆಯ್ಕೆಗಳನ್ನು ನೋಡೋಣ.

ಸಿಎಫ್: ಹವೆ, ಕಡಲು, ಗಾಳಿಯ ಡೇಟಾ ಆದರೆ ಬಹುಪಾಲು ಇದೇ

ಕ್ಲೈಮೇಟ್ ಅಂಡ್ ಫೋರ್‌ಕಾಸ್ಟ್ ಕನ್ವೆನ್ಷನ್ಸ್, ಚಿಕ್ಕದಾಗಿ ಸಿಎಫ್, ನೆಟ್‌ಸಿಡಿಎಫ್ ಫೈಲ್‌ಗಳಿಗೆ (ವಿಜ್ಞಾನದ ಅಂಕಿಗಳನ್ನು ವಿವರದ ಸಮೇತ ಇಡುವ ಒಂದು ಫೈಲ್ ರೂಪ) ಬರೆದ ನಿಯಮಗಳು. ಮೊದಲು ಇದು ಗ್ರಿಡ್ ಡೇಟಾದ, ಅಂದರೆ ಚೌಕಳಿ ಮನೆಗಳಲ್ಲಿ ತುಂಬಿದ ಅಂಕಿಗಳ, ಲೋಕವಾಗಿತ್ತು. 2011ರ 1.6 ಆವೃತ್ತಿಯಲ್ಲಿ ಬಿಡಿ ಬಿಡಿ ಮಾದರಿಗಳಿಗೆ ಒಂದು ಪೂರ್ತಿ ಅಧ್ಯಾಯ ಬಂತು. ಅದರಲ್ಲಿ ಆರು ಬಗೆ ಇವೆ: ಪಾಯಿಂಟ್, ಟೈಮ್‌ಸೀರೀಸ್, ಟ್ರಾಜೆಕ್ಟರಿ, ಪ್ರೊಫೈಲ್, ಟೈಮ್‌ಸೀರೀಸ್‌ಪ್ರೊಫೈಲ್, ಟ್ರಾಜೆಕ್ಟರಿಪ್ರೊಫೈಲ್. ಫೈಲಿನ ತಲೆಯಲ್ಲಿ ‘ಫೀಚರ್‌ಟೈಪ್’ ಅನ್ನುವ ಆಟ್ರಿಬ್ಯೂಟ್ (ವಿವರದ ಚೀಟಿ) ಇಟ್ಟು ಇವುಗಳಲ್ಲಿ ಒಂದನ್ನು ಬರೆಯುತ್ತೀರಿ. ಒಂದು ಫೈಲಿಗೆ ಒಂದೇ ಬಗೆ.

ಬಗೆಯನ್ನು ಆರಿಸುವಾಗಲೇ ಕೆಲವರು ಎಡವುತ್ತಾರೆ. ಸಿಎಫ್ ಪ್ರಕಾರ ಪ್ರೊಫೈಲ್ ಅಂದರೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಲಂಬ ಗೆರೆಯ ಉದ್ದಕ್ಕೂ ತೆಗೆದ ಅಳತೆ. ಹವಾಮಾನ ಬಲೂನು ಮೇಲೇರುತ್ತಾ ಗಾಳಿಗೆ ದೂರ ಸರಿಯುತ್ತದೆ, ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಅದು ಟ್ರಾಜೆಕ್ಟರಿ. ಎಷ್ಟೋ ಜನ ಅದನ್ನು ಪ್ರೊಫೈಲ್ ಅಂತಲೇ ಇಡುತ್ತಾರೆ. ಎತ್ತರದ ಜೊತೆ ಉಷ್ಣಾಂಶ ಹೇಗೆ ಬದಲಾಯಿತು ಅನ್ನುವುದಷ್ಟೇ ಬೇಕಿದ್ದರೆ ನಡೆಯುತ್ತದೆ. ಗಾಳಿ ಎಲ್ಲಿಗೆ ಒಯ್ದಿತು ಅಂತಲೂ ಬೇಕಿದ್ದರೆ ನಡೆಯುವುದಿಲ್ಲ. ನೀರೊಳಗಿನ ಗ್ಲೈಡರ್ ಮುಳುಗಿ ಏಳುತ್ತಾ ಮುಂದೆ ಹೋಗುತ್ತದೆ. ಪ್ರತಿ ಮುಳುಗು ಒಂದು ಪ್ರೊಫೈಲ್, ಎಲ್ಲ ಸೇರಿ ಒಂದು ಜಾಡು. ಟ್ರಾಜೆಕ್ಟರಿಪ್ರೊಫೈಲ್ ಇರುವುದೇ ಇಂಥದ್ದಕ್ಕೆ.

ಐಡಿಯ ಜಾಗಕ್ಕೆ ಬರೋಣ. ‘ಸಿಎಫ್ ರೋಲ್’ ಅನ್ನುವ ಇನ್ನೊಂದು ಆಟ್ರಿಬ್ಯೂಟ್ ಇದೆ. ಯಾವ ವೇರಿಯಬಲ್ ಜಾಡಿನ ಗುರುತೋ ಅದಕ್ಕೆ ಇದನ್ನು ಅಂಟಿಸಿ ‘ಟ್ರಾಜೆಕ್ಟರಿ ಐಡಿ’ ಅಂತ ಬರೆಯುತ್ತೀರಿ. ಟ್ರಾಜೆಕ್ಟರಿ ಫೈಲಿನಲ್ಲಿ ಇದು ಒಂದೇ ವೇರಿಯಬಲ್‌ಗೆ ಇರಬೇಕು, ಆ ವೇರಿಯಬಲ್‌ನ ಮೌಲ್ಯ ಪ್ರತಿ ಜಾಡಿಗೂ ಬೇರೆಯಾಗಿರಬೇಕು. ಟ್ರಾಜೆಕ್ಟರಿಪ್ರೊಫೈಲ್ ಆದರೆ ಎರಡು, ಜಾಡಿಗೊಂದು ಪ್ರೊಫೈಲ್‌ಗೊಂದು.

ಸಿಎಫ್‌ನಲ್ಲಿ ನನಗೆ ತುಂಬಾ ಇಷ್ಟವಾಗುವ ಒತ್ತಾಯ ಇದೇ. ಪ್ರಾಣಿಯ ಐಡಿ, ಟ್ಯಾಗ್ ಐಡಿ, ಡಿಪ್ಲಾಯ್‌ಮೆಂಟ್ ಐಡಿ ಮೂರೂ ನಿಮ್ಮ ಹತ್ತಿರ ಇದ್ದರೂ ಕಿರೀಟ ಒಂದಕ್ಕೇ. ಕೂತು ಯೋಚಿಸಲೇಬೇಕಾಗುತ್ತದೆ. ಕಿರೀಟವನ್ನು ಡಿಪ್ಲಾಯ್‌ಮೆಂಟಿಗೆ ಕೊಡಿ. ಉಳಿದ ಎರಡನ್ನು ಅದೇ ಟ್ರಾಜೆಕ್ಟರಿ ಡೈಮೆನ್ಷನ್ ಮೇಲೆ, ಅಂದರೆ ಜಾಡಿಗೊಂದು ಮೌಲ್ಯ ಬರುವಂತೆ, ಮಾಮೂಲಿ ವೇರಿಯಬಲ್‌ಗಳಾಗಿ ಇಡಿ. ಆಗ ಮೇಲಿನ ಆಮೆ ಕಥೆಯಲ್ಲಿ ಎರಡು ಜಾಡು, ಎರಡು ಆಮೆ, ಒಂದು ಟ್ರಾನ್ಸ್‌ಮಿಟರ್ ಅಂತ ಫೈಲೇ ಹೇಳುತ್ತದೆ.

ಸಿಎಫ್ ಜೊತೆ ಬರುವ ಇನ್ನೊಂದು ತಲೆನೋವು ಜೋಡಣೆ. ಜಾಡುಗಳು ಒಂದೇ ಉದ್ದ ಇರುವುದಿಲ್ಲ ಅಲ್ವಾ? ಒಂದು ದಾರಿ, ಚೌಕದ ಕೋಷ್ಟಕ: ಜಾಡುಗಳು ಅಡ್ಡಕ್ಕೆ, ವೀಕ್ಷಣೆಗಳು ಉದ್ದಕ್ಕೆ, ಗಿಡ್ಡ ಜಾಡಿನ ಮುಂದೆ ಖಾಲಿ ಮನೆಗಳು. ಲೆಕ್ಕ ಹಾಕಿ. 1,000 ಜಾಡುಗಳಿವೆ, ಸರಾಸರಿ 500 ಬಿಂದು, ಅತಿ ಉದ್ದದ್ದರಲ್ಲಿ 10,000. ಮನೆಗಳು ಒಂದು ಕೋಟಿ, ತುಂಬಿರುವುದು 5 ಲಕ್ಷ. ನೂರಕ್ಕೆ 95 ಮನೆ ಖಾಲಿ. ಡಿಸ್ಕಿನಲ್ಲಿ ಕಂಪ್ರೆಷನ್ ಇದನ್ನು ನುಂಗಿಬಿಡುತ್ತದೆ, ಮೆಮೊರಿಗೆ ಎಳೆದಾಗ ಮತ್ತೆ ಊದಿಕೊಳ್ಳುತ್ತದೆ.

ಎರಡನೇ ದಾರಿ ಸಾಲಾಗಿ ಪೋಣಿಸುವುದು, ಕಂಟಿಗ್ಯುಯಸ್ ರ‍್ಯಾಗ್ಡ್ ಅರೇ. ಮೊದಲ ಜಾಡಿನ ಎಲ್ಲ ಬಿಂದು, ಅದರ ಬೆನ್ನಿಗೇ ಎರಡನೆಯದು, ಹೀಗೆ. ಯಾವ ಜಾಡಿಗೆ ಎಷ್ಟು ಬಿಂದು ಅಂತ ಬೇರೊಂದು ಪಟ್ಟಿ. ಒಂದು ಜಾಡನ್ನು ಎತ್ತಿಕೊಳ್ಳುವುದು ಇಲ್ಲಿ ಬಲು ಚುರುಕು. ಡ್ರಿಫ್ಟರ್ ಡೇಟಾಗೆಂದು ಹುಟ್ಟಿದ ಕ್ಲೌಡ್‌ಡ್ರಿಫ್ಟ್ ಅನ್ನುವ ಪೈಥಾನ್ ಲೈಬ್ರರಿ ನಿಂತಿರುವುದೇ ಈ ಜೋಡಣೆಯ ಮೇಲೆ. ತೊಂದರೆ ಒಂದೇ: ನಡುವಿನ ಜಾಡಿಗೆ ಹೊಸ ಬಿಂದು ಸೇರಿಸಬೇಕಾದರೆ ಅದರ ನಂತರದ್ದೆಲ್ಲ ಸರಿಸಬೇಕು. ಆದ್ದರಿಂದ ಇದು ಮುಗಿದ ಡೇಟಾಗೆ ಸರಿ.

ಮೂರನೆಯದು ಇಂಡೆಕ್ಸ್ಡ್ ರ‍್ಯಾಗ್ಡ್ ಅರೇ. ಬಿಂದುಗಳು ಬಂದ ಹಾಗೆ ಸೇರುತ್ತಾ ಹೋಗುತ್ತವೆ, ಪ್ರತಿಯೊಂದರ ಪಕ್ಕ ಇದು ಎಷ್ಟನೇ ಜಾಡಿನದು ಅನ್ನುವ ಸಂಖ್ಯೆ. ನೇರಪ್ರಸಾರದ ಥರ ಡೇಟಾ ಬರುತ್ತಿದ್ದರೆ ಇದು. ನನ್ನ ಸಲಹೆ: ಬರುವಾಗ ಮೂರನೆಯದು, ಪ್ರಕಟಿಸುವಾಗ ಎರಡನೆಯದು. ಚೌಕದ ಕೋಷ್ಟಕ ಬೇಡವೇ ಬೇಡ ಅಂತಲ್ಲ. ಕಣಗಳೆಲ್ಲ ಒಟ್ಟಿಗೆ ಹೊರಟು ಒಟ್ಟಿಗೆ ನಿಲ್ಲುವ ಸಿಮ್ಯುಲೇಷನ್‌ಗೆ ಅದೇ ಸರಿ. ಸಮುದ್ರದ ಕಣಗಳ ಸಿಮ್ಯುಲೇಟರ್ ಪಾರ್ಸೆಲ್ಸ್ ಕೂಡ ಜಾಡು, ವೀಕ್ಷಣೆ ಎಂಬ ಎರಡು ಡೈಮೆನ್ಷನ್‌ಗಳ ಮೇಲೆ ಝಾರ್ ಅನ್ನುವ ರೂಪದ ಫೈಲ್ ಬರೆಯುತ್ತದೆ.

ಒಂದು ಸಣ್ಣ ಗುಂಡಿ ಇಲ್ಲಿದೆ. ಜಾಡಿನಲ್ಲಿ ಸಮಯ ಏರುತ್ತಲೇ ಹೋಗಬೇಕು ಅನ್ನುತ್ತದೆ ಸಿಎಫ್. ಗಾಳಿ ಎಲ್ಲಿಂದ ಬಂತು ಅಂತ ಹಿಂದಕ್ಕೆ ಓಡಿಸುವ ಲೆಕ್ಕಗಳಲ್ಲಿ ಸಮಯ ಇಳಿಯುತ್ತದೆ. ವಾತಾವರಣದವರು ಬಳಸುವ ಹೈಸ್ಪ್ಲಿಟ್ ಮಾಡೆಲ್ ಹಿಂದಕ್ಕೆ ಓಡಿದಾಗ ಪ್ರತಿ ಸಾಲಿನಲ್ಲೂ ಜಾಡಿನ ವಯಸ್ಸನ್ನು ಗಂಟೆಗಳಲ್ಲಿ, ಮೈನಸ್ ಚಿಹ್ನೆಯೊಂದಿಗೆ ಕೊಡುತ್ತದೆ. ಸಿಎಫ್‌ಗೆ ತರುವಾಗ ಸಾಲುಗಳನ್ನು ತಿರುಗಿಸಿ ಸಮಯ ಏರುವಂತೆ ಮಾಡಿ, ವಯಸ್ಸನ್ನು ಬೇರೆ ವೇರಿಯಬಲ್ ಆಗಿ ಉಳಿಸಿಕೊಳ್ಳಿ. ಸುಮ್ನೆ ತಿರುಗಿಸಿ ವಯಸ್ಸು ಕಿತ್ತು ಹಾಕಿದರೆ, ಇದು ಹಿಂದಕ್ಕೆ ಓಡಿಸಿದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಎಸಿಡಿಡಿ: ಸಿಎಫ್‌ಗೆ ಬದಲಿ ಅಲ್ಲ, ಜೊತೆಗಾರ

ಸಿಎಫ್ ಬೇಕೋ ಎಸಿಡಿಡಿ (ಆಟ್ರಿಬ್ಯೂಟ್ ಕನ್ವೆನ್ಷನ್ ಫಾರ್ ಡೇಟಾ ಡಿಸ್ಕವರಿ) ಬೇಕೋ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಸಿಎಫ್ ಹೇಳುವುದು ಒಳಗಿನ ಅಂಕಿಗಳ ಅರ್ಥ. ಎಸಿಡಿಡಿ ಹೇಳುವುದು ಇಡೀ ಫೈಲನ್ನು ಹುಡುಕಿ ತೆಗೆಯಲು ಬೇಕಾದ್ದು: ಶೀರ್ಷಿಕೆ, ಸಾರಾಂಶ, ಯಾವ ಅಕ್ಷಾಂಶದಿಂದ ಯಾವುದಕ್ಕೆ, ಯಾವ ದಿನದಿಂದ ಯಾವ ದಿನಕ್ಕೆ. ಎರಡನ್ನೂ ಹಾಕಿ, ಫೈಲಿನ ‘ಕನ್ವೆನ್ಷನ್ಸ್’ ಆಟ್ರಿಬ್ಯೂಟ್‌ನಲ್ಲಿ ಎರಡರ ಹೆಸರು, ಆವೃತ್ತಿ ಬರೆಯಿರಿ.

ಎಚ್ಚರ ಇರಬೇಕಾದದ್ದು ಎರಡು ಕಡೆ. ಎಸಿಡಿಡಿಯಲ್ಲೂ ‘ಐಡಿ’ ಅಂತ ಒಂದಿದೆ, ಅದು ಇಡೀ ಡೇಟಾಸೆಟ್‌ನ ಐಡಿ. ಜಾಡಿನ ಐಡಿಯನ್ನು ಅಲ್ಲಿ ತುರುಕಬೇಡಿ. ‘ಸಿಡಿಎಂ ಡೇಟಾ ಟೈಪ್’ ಅನ್ನುವುದೂ ಇದೆ, ಅದಕ್ಕೆ ಫೀಚರ್‌ಟೈಪ್‌ನ ಕೆಲಸವೇ. ಎರಡೂ ಒಂದೇ ಮಾತು ಹೇಳುತ್ತಿವೆಯಾ ನೋಡಿಕೊಳ್ಳಿ. ಡೇಟಾವನ್ನು ಇಆರ್‌ಡಿಡಿಎಪಿ ಅನ್ನುವ ಡೇಟಾ ಹಂಚುವ ಸರ್ವರ್ ಮೂಲಕ ಕೊಡುವುದಾದರೆ, ಯಾವ ಯಾವ ವೇರಿಯಬಲ್ ಜಾಡಿಗೆ ಸೇರಿದ್ದು ಅಂತ ಅದು ಪಟ್ಟಿ ಕೇಳುತ್ತದೆ. ಪ್ರಾಣಿಯ ಜಾತಿ, ಟ್ಯಾಗ್ ನಂಬರ್ ಅಲ್ಲಿಗೆ. ಬಿಂದುವಿನಿಂದ ಬಿಂದುವಿಗೆ ಬದಲಾಗುವ ಯಾವುದೂ ಆ ಪಟ್ಟಿಯಲ್ಲಿ ಇರಬಾರದು.

ಮೂವಿಂಗ್ ಫೀಚರ್ಸ್: ನಡುವೆ ಏನಾಯಿತು ಅಂತ ಹೇಳಬಲ್ಲದ್ದು

ನಕ್ಷೆ, ಡೇಟಾಬೇಸ್ ಕಡೆಯಿಂದ ಬಂದವರಿಗೆ ಓಜಿಸಿಯ (ನಕ್ಷೆ ಡೇಟಾಗೆ ಮಾನದಂಡ ಮಾಡುವ ಸಂಸ್ಥೆ) ಮೂವಿಂಗ್ ಫೀಚರ್ಸ್ ಹತ್ತಿರ ಅನ್ನಿಸುತ್ತದೆ. ಇದರ ಹಿಂದಿನ ಮೂಲ ಮಾದರಿ 2008ರ ಐಎಸ್‌ಒ 19141. ಜೇಸನ್ (JSON) ಅನ್ನುವ ಫೈಲ್ ರೂಪದಲ್ಲಿ ಒಂದು ಜಾಡು ಒಂದು ಫೀಚರ್, ಅಂದರೆ ನಕ್ಷೆಯ ಒಂದು ವಸ್ತು. ಅದರೊಳಗೆ ಸಮಯಗಳ ಒಂದು ಪಟ್ಟಿ, ಸ್ಥಾನಗಳ ಒಂದು ಪಟ್ಟಿ.

ಇದರಲ್ಲಿರುವ ಒಂದು ಗುಣ ಸಿಎಫ್‌ನ ಟ್ರಾಜೆಕ್ಟರಿಯಲ್ಲಿ ಇಲ್ಲ. ಎರಡು ಬಿಂದುಗಳ ನಡುವೆ ವಸ್ತು ಹೇಗೆ ಹೋಯಿತು ಅಂತ ಬರೆಯಬಹುದು: ಬಿಡಿಬಿಡಿ, ಮೆಟ್ಟಿಲು, ನೇರ ಗೆರೆ, ಬಾಗಿದ ಗೆರೆ. ಇದೇನು ದೊಡ್ಡ ವಿಷಯ ಅನ್ನಿಸಬಹುದು. ದಿನಕ್ಕೊಂದು ಸಲ ಸಿಕ್ಕ ತಿಮಿಂಗಿಲದ ಸ್ಥಾನಗಳನ್ನು ನೇರ ಗೆರೆಯಲ್ಲಿ ಸೇರಿಸಿ ವೇಗ ಲೆಕ್ಕ ಹಾಕಿದರೆ ತಿಮಿಂಗಿಲ ಸೋಮಾರಿಯಂತೆ ಕಾಣುತ್ತದೆ, ಯಾಕೆಂದರೆ ಅದು ಸುತ್ತಿ ಬಳಸಿ ಹೋದದ್ದು ಲೆಕ್ಕಕ್ಕೇ ಬಂದಿಲ್ಲ. ‘ಬಿಡಿಬಿಡಿ’ ಅಂತ ಬರೆದಿದ್ದರೆ ಕನಿಷ್ಠ ಗೆರೆ ಎಳೆಯುವ ಮುನ್ನ ಒಮ್ಮೆ ಯೋಚಿಸುತ್ತಾರೆ. ಸಿಎಫ್ ಬಳಸುವವರು ಈ ಸಂಗತಿಯನ್ನು ‘ಕಾಮೆಂಟ್’ ಆಟ್ರಿಬ್ಯೂಟ್‌ನಲ್ಲಿ ಮಾತಿನಲ್ಲಾದರೂ ಬರೆದಿಡುವುದು ಒಳ್ಳೆಯದು.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಕೂರುವ ಮೊಬಿಲಿಟಿಡಿಬಿ ಈ ಜೇಸನ್ ರೂಪಕ್ಕೆ ಡೇಟಾ ಹೊರಹಾಕುತ್ತದೆ. ಹಡಗು, ವಾಹನಗಳಂಥ ಜಾಡುಗಳಲ್ಲಿ ಯಾರು ಯಾರನ್ನು ಎಲ್ಲಿ ದಾಟಿದರು ಅನ್ನುವ ಪ್ರಶ್ನೆಗಳಿದ್ದರೆ ಈ ದಾರಿ ಚೆನ್ನ. ಆದರೆ ಜೇಸನ್ ಅಂದರೆ ಬರೀ ಅಕ್ಷರ. ಕೋಟಿಗಟ್ಟಲೆ ಬಿಂದುಗಳಿಗೆ ಭಾರವಾಗುತ್ತದೆ. ಪ್ರವಾಹದ ವೇಗ, ಲವಣಾಂಶದಂಥ ಅಳತೆಗಳಿಗೆ ಸಿಎಫ್‌ನ ಸ್ಟ್ಯಾಂಡರ್ಡ್ ನೇಮ್ ಪಟ್ಟಿಯಷ್ಟು ಪಕ್ವವಾದ ಪದಕೋಶವೂ ಇಲ್ಲಿ ಸಿಗುವುದಿಲ್ಲ.

ಪ್ರಾಣಿಗಳ ಜಾಡು

ಮೂವ್‌ಬ್ಯಾಂಕ್ ಅನ್ನುವ ಪ್ರಾಣಿಗಳ ಜಾಡಿನ ಭಂಡಾರ ನಾನು ಮೊದಲು ಹೇಳಿದ ಭೇದವನ್ನು ಚೊಕ್ಕವಾಗಿ ಇಟ್ಟುಕೊಂಡಿದೆ. ಪ್ರಾಣಿ ಬೇರೆ, ಟ್ಯಾಗ್ ಬೇರೆ, ಎರಡನ್ನೂ ಒಂದು ಅವಧಿಗೆ ಕಟ್ಟುವ ಡಿಪ್ಲಾಯ್‌ಮೆಂಟ್ ಬೇರೆ. ನಿಮ್ಮ ಡೇಟಾ ಅಲ್ಲಿಗೆ ಹೋಗದಿದ್ದರೂ ಆ ಕಾಲಂ ವಿನ್ಯಾಸವನ್ನು ನೋಡಿ ಕಲಿಯಿರಿ. ಟ್ಯಾಗ್ ಕಚೇರಿಯ ಮೇಜಿನ ಮೇಲೆ ಪರೀಕ್ಷೆಗೆ ಕೂತಿದ್ದಾಗ ಬಂದ ಬಿಂದುಗಳು ಯಾವ ಡಿಪ್ಲಾಯ್‌ಮೆಂಟಿಗೂ ಸೇರುವುದಿಲ್ಲ. ತಾನಾಗಿಯೇ ಹೊರಗೆ ಉಳಿಯುತ್ತವೆ.

ಡಾರ್ವಿನ್ ಕೋರ್ ಇನ್ನೊಂದು. 2009ರಿಂದ ಅಧಿಕೃತ ಮಾನದಂಡ. ಜೀವವೈವಿಧ್ಯದ ದೊಡ್ಡ ಡೇಟಾ ಜಾಲಗಳಿಗೆ ಡೇಟಾ ಸೇರಿಸಬೇಕಾದರೆ ಇದು ಬೇಕು. ಆದರೆ ಇದರ ಮನಸ್ಸು ‘ಈ ಜೀವಿ ಇಲ್ಲಿ ಈ ದಿನ ಕಂಡಿತು’ ಅನ್ನುವಷ್ಟಕ್ಕೆ ಕಟ್ಟಿದ್ದು. ಒಂದೇ ಜೀವಿಯ ಬಿಂದುಗಳನ್ನು ಆರ್ಗನಿಸಂ ಐಡಿ ಹಿಡಿದು ಜೋಡಿಸಬಹುದು, ಆದರೂ ಜಾಡು ಅನ್ನುವುದು ಇಲ್ಲಿ ನೆಂಟನೇ, ಮನೆಯವನಲ್ಲ. ಮೂಲ ಪ್ರತಿಯನ್ನು ಬೇರೆ ಪದ್ಧತಿಯಲ್ಲಿ ಇಟ್ಟು, ಹಂಚುವುದಕ್ಕಷ್ಟೇ ಇದಕ್ಕೆ ತಿರುಗಿಸಿ.

ಉಳಿದವು, ಬೇಗ ಬೇಗ

ಜಿಪಿಎಕ್ಸ್ ಕೈಯಲ್ಲಿ ಹಿಡಿಯುವ ಜಿಪಿಎಸ್‌ಗಳ ಭಾಷೆ. ಟ್ರ್ಯಾಕ್ ಒಳಗೆ ಟ್ರ್ಯಾಕ್ ಸೆಗ್ಮೆಂಟ್ ಅಂತ ಇದೆ. ಸಂಕೇತ ಕಡಿದರೆ ಅಥವಾ ಉಪಕರಣ ಆಫ್ ಮಾಡಿದರೆ ಹೊಸ ಸೆಗ್ಮೆಂಟ್ ಶುರು. ಈ ‘ತುಂಡು’ ಅನ್ನುವ ಅರಿವು ಎಷ್ಟೋ ಭಾರಿ ಮಾನದಂಡಗಳಲ್ಲಿ ಇಷ್ಟು ಸರಳವಾಗಿ ಇಲ್ಲ. ಹೊರಗಡೆ ಕೆಲಸದಲ್ಲಿ ದಾಖಲಿಸಲು ಸಾಕು, ಸಂಗ್ರಹಾಗಾರಕ್ಕೆ ಸಾಲದು. ಅದನ್ನು ತಿರುಗಿಸುವಾಗ ಸೆಗ್ಮೆಂಟ್ ಸಂಖ್ಯೆಯನ್ನು ಎಸೆಯಬೇಡಿ.

ಸಮುದ್ರದಲ್ಲಿ ಮುಳುಗಿ ಎದ್ದು ಅಳತೆ ಮಾಡುವ ಆರ್ಗೋ ಫ್ಲೋಟ್‌ಗಳ ಡೇಟಾ ಆದರೆ ಆಯ್ಕೆಯೇ ಇಲ್ಲ. ಅವರದೇ ಕಟ್ಟಳೆ ಇದೆ, ಅದನ್ನೇ ಪಾಲಿಸಿ. ಅಲ್ಲಿ ಗುರುತು ಫ್ಲೋಟ್‌ನ ಡಬ್ಲ್ಯುಎಂಒ (ವಿಶ್ವ ಹವಾಮಾನ ಸಂಸ್ಥೆ) ನಂಬರ್, ಜೊತೆಗೆ ಎಷ್ಟನೇ ಮುಳುಗು ಅನ್ನುವ ಸೈಕಲ್ ಸಂಖ್ಯೆ. ಓದುವವರಿಗೆ ಒಂದು ಮಾತು: ಅವರ ದಿನಗಣನೆ 1950ರ ಜನವರಿ 1ರಿಂದ ಶುರು. ಕಂಪ್ಯೂಟರ್‌ಗಳ ರೂಢಿಯ 1970 ಅಂತ ಅಭ್ಯಾಸಬಲದಿಂದ ಹಿಡಿದರೆ ನಿಮ್ಮ ಸಮುದ್ರ ಇಪ್ಪತ್ತು ವರ್ಷ ಮುಂದಕ್ಕೆ ಹೋಗಿರುತ್ತದೆ.

ಅಣುಗಳ ಲೋಕದವರೂ ಟ್ರಾಜೆಕ್ಟರಿ ಅಂತಲೇ ಕರೆಯುತ್ತಾರೆ, ಆದರೆ ಅದು ಬೇರೆಯೇ ಸಂಸಾರ. ಅಲ್ಲಿ ಒಂದು ಟ್ರಾಜೆಕ್ಟರಿ ಅಂದರೆ ಸಾವಿರಾರು ಪರಮಾಣುಗಳು ಒಟ್ಟಿಗೆ ಓಡಿದ ಒಂದು ಸಿಮ್ಯುಲೇಷನ್. ಆಂಬರ್ ಅನ್ನುವ ಸಿಮ್ಯುಲೇಷನ್ ಸಾಫ್ಟ್‌ವೇರ್‌ನವರು ನೆಟ್‌ಸಿಡಿಎಫ್ ಮೇಲೆ ತಮ್ಮದೇ ಪದ್ಧತಿ ಮಾಡಿಕೊಂಡಿದ್ದಾರೆ: ದೂರ ಆಂಗ್‌ಸ್ಟ್ರಾಂನಲ್ಲಿ, ಕಾಲ ಪಿಕೊಸೆಕೆಂಡಿನಲ್ಲಿ. ಎಚ್‌ಡಿಎಫ್5 ಅನ್ನುವ ಇನ್ನೊಂದು ಫೈಲ್ ರೂಪ ಬೇಕೆನ್ನುವವರಿಗೆ ಎಚ್5ಎಂಡಿ ಪದ್ಧತಿ ಇದೆ. ಬೋಯ್ ಫೈಲೂ ಅಣುಗಳ ಫೈಲೂ ಹೊರಗಿನಿಂದ ಒಂದೇ ಥರ ನೆಟ್‌ಸಿಡಿಎಫ್. ಬೇರೆ ಅಂತ ಹೇಳುವುದು ಆ ಕನ್ವೆನ್ಷನ್ಸ್ ಆಟ್ರಿಬ್ಯೂಟ್ ಒಂದೇ.

ಸಿಎಸ್‌ವಿ, ಪಾರ್ಕೆಟ್ ಥರದ ಕೋಷ್ಟಕ ಫೈಲ್ ಬಳಸಬಾರದಾ? ಧಾರಾಳವಾಗಿ ಬಳಸಿ. ಅವು ಬರೀ ಪಾತ್ರೆ, ಪದ್ಧತಿಯಲ್ಲ. ಕಾಲಂ ಹೆಸರು, ಯೂನಿಟ್, ಐಡಿಯ ಅರ್ಥವನ್ನು ಸಿಎಫ್‌ನಿಂದಲೋ ಮೂವ್‌ಬ್ಯಾಂಕ್‌ನಿಂದಲೋ ಎರವಲು ತಂದು, ಪಕ್ಕದಲ್ಲೊಂದು ವಿವರಣೆ ಫೈಲ್ ಇಡಿ.

ಐಡಿ ಹೇಗಿರಬೇಕು

ಪದ್ಧತಿ ಯಾವುದೇ ಆಗಲಿ, ಐಡಿಯ ಅಕ್ಷರಗಳನ್ನು ಆರಿಸುವವರು ನೀವೇ. ಇಲ್ಲಿ ಎರಡು ಪಂಗಡ ಇವೆ. ಒಂದು ಪಂಗಡ ಐಡಿಯೊಳಗೇ ಅರ್ಥ ತುಂಬುತ್ತದೆ. ಚಂಡಮಾರುತಗಳ ಐಬಿಟ್ರಾಕ್ಸ್ ಡೇಟಾಸೆಟ್ ಹೀಗೆ ಮಾಡುತ್ತದೆ: ವರ್ಷಕ್ಕೆ ನಾಲ್ಕು ಅಂಕಿ, ವರ್ಷದ ಎಷ್ಟನೇ ದಿನ ಅನ್ನುವುದಕ್ಕೆ ಮೂರು, ಗೋಳಾರ್ಧಕ್ಕೆ ಒಂದು ಅಕ್ಷರ, ಹುಟ್ಟಿದ ಅಕ್ಷಾಂಶಕ್ಕೆ ಎರಡು, ರೇಖಾಂಶಕ್ಕೆ ಮೂರು. ಒಟ್ಟು 13. ನೋಡಿದ ಕೂಡಲೇ ಎಲ್ಲಿಯದು, ಯಾವಾಗಿನದು ಅಂತ ಗೊತ್ತಾಗುತ್ತದೆ. ಒಂದೇ ಸಮುದ್ರದ ಬಿರುಗಾಳಿಗೆ ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ಹೆಸರು ಕೊಡುವ ಕಡೆ ಇದು ದೊಡ್ಡ ಉಪಕಾರ.

ಇನ್ನೊಂದು ಪಂಗಡ ಅರ್ಥವೇ ಇಲ್ಲದ ಸಂಖ್ಯೆ ಕೊಡುತ್ತದೆ. ನಾನು ಈ ಕಡೆಯವನು. ಅರ್ಥ ತುಂಬಿದ ಐಡಿಯಲ್ಲಿ ಒಂದು ಸಂಗತಿ ತಪ್ಪು ಅಂತ ನಂತರ ಗೊತ್ತಾದರೆ ಇಕ್ಕಟ್ಟು. ಹೊರಟ ದಿನಾಂಕ ತಿದ್ದಿದಿರಿ ಅಂದುಕೊಳ್ಳಿ. ಐಡಿ ಬದಲಿಸಿದರೆ ಹಳೆಯ ಲೇಖನಗಳ ಕೊಂಡಿ ಕಡಿಯುತ್ತದೆ, ಬದಲಿಸದಿದ್ದರೆ ಐಡಿ ಸುಳ್ಳು ಹೇಳುತ್ತದೆ. ಸಣ್ಣ ತಂಡಗಳಲ್ಲಿ ಜನ ಪ್ರಾಣಿಯ ಜಾತಿಯನ್ನೋ ಹಡಗಿನ ಹೆಸರನ್ನೋ ಐಡಿಗೆ ಸೇರಿಸುತ್ತಾರೆ. ಜಾತಿ ಗುರುತಿಸಿದ್ದು ತಪ್ಪಾಗಬಹುದು, ಹಡಗಿಗೆ ಹೆಸರು ಬದಲಾಗಬಹುದು. ಅವೆಲ್ಲ ಬೇರೆ ಕಾಲಂನಲ್ಲಿ ಇರಲಿ.

ಹಾಗಾದರೆ ಯಾವುದನ್ನು ತೆಗೆದುಕೊಳ್ಳುವುದು

ಕಡಲು, ಗಾಳಿ, ಹವೆಯ ಅಳತೆಗಳಿದ್ದರೆ ಸಿಎಫ್ ಜೊತೆ ಎಸಿಡಿಡಿ, ಯೋಚನೆ ಬೇಡ. ಪ್ರಾಣಿಗಳಾದರೆ ಮೂವ್‌ಬ್ಯಾಂಕ್ ಥರದ ಮೂರು ಐಡಿ, ಹಂಚುವಾಗ ಡಾರ್ವಿನ್ ಕೋರ್. ಅಳತೆಗಿಂತ ಚಲನೆಯೇ ಮುಖ್ಯವಾಗಿ, ಡೇಟಾಬೇಸ್‌ನಲ್ಲಿ ಪ್ರಶ್ನೆ ಕೇಳುವುದಿದ್ದರೆ ಮೂವಿಂಗ್ ಫೀಚರ್ಸ್. ನಿಮ್ಮ ಸಮುದಾಯಕ್ಕೆ ಆರ್ಗೋ, ಆಂಬರ್ ಥರ ಸ್ವಂತ ಕಟ್ಟಳೆ ಇದ್ದರೆ ಜಾಣತನ ತೋರಿಸದೆ ಅದನ್ನೇ ಹಿಡಿಯಿರಿ. ಎರಡರ ನಡುವೆ ತೂಗಾಡುತ್ತಿದ್ದರೆ ನಿಮ್ಮ ಡೇಟಾ ಓದುವವರ ಕೈಯಲ್ಲಿ ಈಗಾಗಲೇ ಇರುವ ಸಾಫ್ಟ್‌ವೇರ್ ಯಾವುದನ್ನು ತೆರೆಯುತ್ತದೋ ಅದು.

ಬಿಡುಗಡೆಗೆ ಮುಂಚೆ ಒಂದು ಪರೀಕ್ಷೆ ಮಾಡಿ. ಯೋಜನೆಯ ಗಂಧಗಾಳಿ ಇಲ್ಲದವರೊಬ್ಬರಿಗೆ ಬರೀ ಫೈಲ್ ಕೊಡಿ. ಇದರಲ್ಲಿ ಎಷ್ಟು ಜಾಡು, ಎಷ್ಟು ವಸ್ತು, ಎಷ್ಟು ಉಪಕರಣ, ಎಲ್ಲೆಲ್ಲಿ ಕಡಿದಿದೆ ಅಂತ ಕೇಳಿ. ನಿಮಗೆ ಫೋನ್ ಮಾಡದೆ ಅವರು ಉತ್ತರ ಹೇಳಬೇಕು. ಆಮೇಲೆ ಐಡಿ ಕಾಲಂ ಅವರ ಪರದೆಯಲ್ಲಿ ಹೇಗೆ ಕಾಣುತ್ತಿದೆ ಅಂತಲೂ ನೋಡಿ. ನೀವು ‘007’ ಅಂತ ಬರೆದದ್ದನ್ನು ಸಾಫ್ಟ್‌ವೇರ್ ಸಂಖ್ಯೆ ಅಂದುಕೊಂಡು 7 ಮಾಡಿರಬಹುದು. ಹದಿನೇಳು ಅಂಕಿಯ ಐಡಿಯನ್ನು ದಶಮಾಂಶ ಸಂಖ್ಯೆಯಾಗಿ ಓದಿ ಕೊನೆಯ ಅಂಕಿ ಬದಲಾಗಿರಬಹುದು. ಆಗ ಅಕ್ಕಪಕ್ಕದ ಎರಡು ಆಮೆಗಳು ಮತ್ತೆ ಒಂದೇ ಆಗಿಬಿಡುತ್ತವೆ. ಸಿಎಫ್‌ನಲ್ಲಿ ಐಡಿ ಯಾವ ಬಗೆಯ ಡೇಟಾ ಆದರೂ ನಡೆಯುತ್ತದೆ. ನೀವು ಮಾತ್ರ ಅಕ್ಷರವಾಗಿಯೇ ಇಡಿ.